ಬೇಲಿಯೊಳಗೆ ಬಿಸಿಲು, ಬೇಲಿಯಾಚೆ ಕುರಿ

ಓದುಗರ ಪತ್ರ: ಸಂಪಾದಕರೇ, ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಕಲ್ಲಿದ್ದಲು ಸುಟ್ಟರೂ ಬೈತೀರಿ, ಅಣೆಕಟ್ಟು ಕಟ್ಟಿದರೂ ಬೈತೀರಿ, ಈಗ ಬಿಸಿಲಿನಿಂದ ಕರೆಂಟ್ ತೆಗೆದರೂ ಬೈತೀರಿ. ಬರಡು ನೆಲಕ್ಕೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುವಾಗಿ ಬಾಡಿಗೆ ಬಂದರೆ ನಿಮಗೇನು ಕಷ್ಟ? ನಾಲ್ಕು ಕುರಿಗೆ ಹುಲ್ಲಿಲ್ಲ ಅಂತ ಭೂಮಿ ಬಿಸಿಯಾಗುವುದನ್ನು ನೋಡುತ್ತಾ ಕೂರಬೇಕೆ? ಜೊತೆಗೆ 2,050 ಮೆಗಾವಾಟ್ ಎನ್ನಬೇಕಾದ ಕಡೆ 2,050 ಯೂನಿಟ್ ಎಂದು ಅಚ್ಚು ಹಾಕಿದ್ದೀರಿ. ನಾನೇ ತೆಗೆದ ಫೋಟೊ ಒಂದನ್ನು ಇದರ ಜೊತೆ ಕಳಿಸಿದ್ದೇನೆ. – ನಿವೃತ್ತ ಇಂಜಿನಿಯರ್, ಚಿತ್ರದುರ್ಗ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಇಂಜಿನಿಯರ್ ಸಾಹೇಬರೇ, ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಹೊಗಳಿ ಬರೆಯುವ ಪತ್ರಗಳನ್ನು ಓದಿ ಮಡಚಿಡುತ್ತೇವೆ. ಬೈದು ಬರೆದದ್ದನ್ನು ಎರಡು ಸಲ ಓದುತ್ತೇವೆ.

ಮೊದಲು ನೀವು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಕೊಂಡುಬಿಡುತ್ತೇನೆ. ಕಲ್ಲಿದ್ದಲು ಹೋಗಬೇಕು. ಕಲ್ಲಿದ್ದಲಿನ ಕರೆಂಟ್ ಸ್ಥಾವರ ಇರುವ ರಾಯಚೂರಿನ ಶಕ್ತಿನಗರದಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಮಾಳಿಗೆ ಮೇಲೆ ಒಣಹಾಕಿದ ಬಿಳಿ ಪಂಚೆ ತೆಗೆದುಕೊಂಡವನು ನಾನು. ಬೂದಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಬಿಸಿಲ ಕರೆಂಟಿನಿಂದ ರೈತರಿಗೆ ಆದ ಒಂದು ಉಪಕಾರವನ್ನೂ ಮರೆಯಬಾರದು. ಮೊದಲು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುತ್ತಿದ್ದದ್ದೇ ಸರಿರಾತ್ರಿಯಲ್ಲಿ. ಟಾರ್ಚ್ ಹಿಡಿದು, ಹಾವು ಕರಡಿಗೆ ಹೆದರುತ್ತಾ ಮೋಟರ್ ಹಾಕಲು ಹೋಗಬೇಕಿತ್ತು. ಈಗ ಎಷ್ಟೋ ಕಡೆ ಹಗಲಲ್ಲೇ ಸಿಗುತ್ತಿದೆ. ಪಾವಗಡದಲ್ಲಿ ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದೂ ಒಳ್ಳೆಯ ಕೆಲಸವೇ. ಸರಿ, ಒಪ್ಪಿದ್ದಾಯಿತು.

ಈಗ ನಿಮ್ಮ ‘ನಾಲ್ಕು ಕುರಿ’ಗೆ ಬರೋಣ.

ಪಾರ್ಕ್ ಇರುವ ತಿರುಮಣಿ ಕಡೆಗೆ ನಾನು ಹೋದದ್ದು ಒಂದು ಏಪ್ರಿಲ್‌ನಲ್ಲಿ. ಬಸ್ಸಿನ ಕಿಟಕಿಯಿಂದ ನೋಡಿದರೆ ದೂರದಲ್ಲಿ ಕೆರೆ ತುಂಬಿ ನಿಂತಂತೆ ಕಂಡಿತು. ಪಕ್ಕದಲ್ಲಿದ್ದ ಅಜ್ಜ ನಕ್ಕರು. ‘ಗಾಜಿನ ಕೆರೆ ಸ್ವಾಮಿ, ಕೋಡಿ ಬೀಳಲ್ಲ’ ಅಂದರು. 5 ಹಳ್ಳಿಗಳ ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ಇಟ್ಟ ಹೆಸರು ಶಕ್ತಿ ಸ್ಥಳ. ನೀವು ಬರಡು ಎನ್ನುವ ಆ ನೆಲದಲ್ಲಿ ಮಳೆ ಆದ ವರ್ಷ ಕಡಲೆಕಾಯಿ ಬೆಳೆಯುತ್ತಿದ್ದರು. ಬಿತ್ತಲು, ಕಳೆ ಕೀಳಲು, ಗಿಡ ಕಿತ್ತು ಕಾಯಿ ಬಿಡಿಸಲು ಆಳು ಬೇಕಿತ್ತು. ಮಳೆ ಇಲ್ಲದ ವರ್ಷ ಅದೇ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಬೆಳೆ ಹೋದರೂ ಹುಲ್ಲಿಗೆ ಯಾರೂ ಕಾಸು ಕೇಳುತ್ತಿರಲಿಲ್ಲ.

ಬೇಲಿ ಪಕ್ಕ ಒಬ್ಬರು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿ. ತಂತಿ ಬೇಲಿಯ ಒಳಗೆ ಪ್ಯಾನಲ್‌ಗಳ ನೆರಳಲ್ಲಿ ಹುಲ್ಲು ಹಸಿರಾಗಿತ್ತು. ಒಂದು ಕುರಿ ಅಲ್ಲೇ ನಿಂತು ತಂತಿ ಸಂದಿಯಲ್ಲಿ ಮೂತಿ ತೂರಿಸುತ್ತಿತ್ತು. ಬಾಡಿಗೆ ಎಲ್ಲರಿಗೂ ಸಿಕ್ಕಿದೆಯಂತಲ್ಲ ಅಂತ ಕೇಳಿದೆ. ಆತ ಹೇಳಿದ್ದು ಇಷ್ಟೇ: ‘ಬಾಡಿಗೆ ಹೊಲದೋರಿಗೆ ಸಾರ್. ಹುಲ್ಲು ಯಾರ್ದು ಅಂತ ಯಾವ ಪಹಣೀಲೂ ಬರ್ದಿಲ್ವಲ್ಲ.’

ನಮ್ಮ ಲೇಖನ ಆರು ಪುಟದಲ್ಲಿ ಹೇಳಲು ಒದ್ದಾಡಿದ್ದು ಇದನ್ನೇ. 20 ಎಕರೆ ಇದ್ದವರು ಕೈತುಂಬ ಬಾಡಿಗೆ ಎಣಿಸುತ್ತಾರೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆಯೂ ಇದೆ. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಪಹಣಿಯಲ್ಲೂ ಇಲ್ಲ, ಒಪ್ಪಂದದಲ್ಲೂ ಇಲ್ಲ. ಕೆಲವರಿಗೆ ಒಳಗೆ ಹುಲ್ಲು ಕೀಳುವ, ಗಾಜು ಒರೆಸುವ ಕೆಲಸ ಸಿಕ್ಕಿದೆ. ಮಿಕ್ಕವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆ ಬಸ್ಸನ್ನೂ ನಾನು ನೋಡಿದೆ.

ಇದು ಹೊಸದೂ ಅಲ್ಲ ಬಿಡಿ. ನೀವು ಇಲಾಖೆಯಲ್ಲಿ ಇದ್ದವರು, ನನಗಿಂತ ಚೆನ್ನಾಗಿ ಬಲ್ಲಿರಿ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಹತ್ತಿರದ ಹಳ್ಳಿಗಳನ್ನೆಲ್ಲ ದಾಟಿ ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿಯ ಕೆಳಗೆ ರಾಗಿ ಬಿತ್ತುತ್ತಿದ್ದವರು ಮತ್ತೆ ಎಷ್ಟು ವರ್ಷ ಬುಡ್ಡಿ ದೀಪ ಹಚ್ಚಿದರೋ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಶರಾವತಿ ಕಣಿವೆಯಿಂದ ಎದ್ದು ಹೋದವರು ಇವತ್ತಿಗೂ ಹಕ್ಕುಪತ್ರ ಹಿಡಿದು ಕಚೇರಿಗೆ ಅಲೆಯುತ್ತಿದ್ದಾರೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟ್ ಜಾಸ್ತಿ ಇದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು. ಬುದ್ಧಿವಂತ ಉಪಾಯವೇ, ಹಗಲಿನ ಬಿಸಿಲನ್ನು ಸಂಜೆಗೆ ಉಳಿಸಬೇಕಲ್ಲ. ಆದರೆ ಜಾಗ ಮಾತ್ರ ಮತ್ತೆ ಸಿಂಗಳೀಕದ ಕಾಡೇ ಆಗಬೇಕಾ? ಮೂಲ ಬದಲಾಗುತ್ತೆ. ನೀರು ಹೋಗಿ ಕಲ್ಲಿದ್ದಲು, ಕಲ್ಲಿದ್ದಲು ಹೋಗಿ ಬಿಸಿಲು. ಜಾಗ ಬಿಡುವವರು ಮಾತ್ರ ಬದಲಾಗುವುದಿಲ್ಲ.

ಬೇರೆ ಥರ ಮಾಡಬಹುದಿತ್ತಾ? ಮಾಡಿ ತೋರಿಸಿದ್ದಾರೆ. ಅದೂ ನಿಮ್ಮ ಪಾವಗಡ ಇರುವ ತುಮಕೂರು ಜಿಲ್ಲೆಯಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದ ಅಮೂಲ್ಯ ರೆಡ್ಡಿ ಮತ್ತು ಅವರ ಗೆಳೆಯರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಗೆ ಹೋದರು. ಸಗಣಿ ಗ್ಯಾಸ್ ಮಾಡಿ ಎಲ್ಲರ ಒಲೆಗೆ ಕೊಡೋಣ ಎಂಬ ಲೆಕ್ಕ. ಅದು ನಡೆಯಲಿಲ್ಲ, ಅಷ್ಟು ಸಗಣಿಯೇ ಸಾಲಲಿಲ್ಲ. ಊರಿನವರಿಗೆ ಮೊದಲು ಬೇಕಿದ್ದದ್ದೂ ಬೇರೆಯೇ. ನೀರು ಬೇಕಿತ್ತು. ಆಮೇಲೆ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ ನೀರು ಎತ್ತಿದರು, ಮನೆಗೆ ದೀಪ ಕೊಟ್ಟರು. ಹೆಂಗಸರು ಮಕ್ಕಳು ಸಗಣಿ ತಂದು ತೂಕ ಹಾಕಿಸುತ್ತಿದ್ದರು. ಕಿಲೋಗೆ 2 ಪೈಸೆ, ಮೇಲೆ ಬಗ್ಗಡ ವಾಪಸ್ ಗೊಬ್ಬರಕ್ಕೆ. ಆ ಲೆಕ್ಕದ ಪುಸ್ತಕದಲ್ಲಿ ಸಗಣಿ ಹೊತ್ತವರ ಹೆಸರಿತ್ತು ಸಾಹೇಬರೇ. ನನ್ನ ಹಟ ಅಷ್ಟೇ. ದೊಡ್ಡದಾಗಿ ಮಾಡುವಾಗ ಆ ಪುಸ್ತಕವನ್ನು ಯಾಕೆ ಮನೆಯಲ್ಲೇ ಬಿಟ್ಟು ಹೋಗುತ್ತೇವೆ?

ಎಷ್ಟು ಮೆಗಾವಾಟ್ ಬೇಕು ಎಂಬುದಕ್ಕೆ ಮೊದಲು ಯಾರಿಗೆ, ಯಾತಕ್ಕೆ ಬೇಕು ಅಂತ ಕೇಳಿ ಎಂದು ರೆಡ್ಡಿಯವರು ವಾದಿಸುತ್ತಲೇ ಇದ್ದರು. ಕೇಳಿದವರು ಕಮ್ಮಿ. ನಮ್ಮ ಆಫೀಸಿನ ಎದುರಿನ ಕಲ್ಯಾಣ ಮಂಟಪ ಮದುವೆ ಮುಗಿದು ಎರಡು ದಿನವಾದರೂ ಸರಮಾಲೆ ದೀಪ ಆರಿಸುವುದಿಲ್ಲ. ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವವರು ನಮ್ಮ ನೆಂಟರಲ್ಲೇ ಇದ್ದಾರೆ. ಕಂಬಳಿ ಎಲ್ಲಿಂದ ಬರುತ್ತೆ ಅಂತ ಮಾತ್ರ ಕೇಳಬೇಡಿ. ಇವರಿಗೆಲ್ಲ ‘ಕ್ಲೀನ್ ಎನರ್ಜಿ’ ಅಂದರೆ ತಾವು ಏನನ್ನೂ ಬಿಡಬೇಕಿಲ್ಲ ಎಂಬ ಭರವಸೆ. ಬಿಡುವುದನ್ನು ತಿರುಮಣಿಯವರು ಬಿಟ್ಟುಕೊಡುತ್ತಾರಲ್ಲ!

ಮಾತಾಡುವುದಷ್ಟೇ ಅಲ್ಲ, ನಾನೂ ಮನೆ ಮೇಲೆ 3 ಕಿಲೋವಾಟ್ ಹಾಕಿಸಿದೆ. 78,000 ರೂಪಾಯಿ ಸಬ್ಸಿಡಿ ಬಂತು, ಸುಳ್ಳು ಹೇಳಬಾರದು. ಆದರೆ ಎರಡೂ ಕಡೆ ಓಡುವ ಮೀಟರ್ ಹಾಕಲು ನಾಲ್ಕು ತಿಂಗಳು ಓಡಾಡಿಸಿದರು. ಮೀಟರ್‌ಗಿಂತ ಮೊದಲು ನಾನೇ ಎರಡೂ ಕಡೆ ಓಡಿದೆ. ಇನ್ನೊಂದು ತಕರಾರು ಅಮ್ಮನದು. ‘ನಿನ್ನ ಗಾಜು ಬಂದ ಮೇಲೆ ಸಂಡಿಗೆ ಇಡೋಕೆ ಜಾಗ ಇಲ್ಲ’ ಅಂತ. ಸುಮ್ನೆ ನಕ್ಕೆ. ಆಮೇಲೆ ನಾಚಿಕೆಯಾಯಿತು. ಎಪ್ಪತ್ತು ವರ್ಷ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಿದ ಆಕೆಯ ಬಿಸಿಲನ್ನು ಯಾರೂ ಮೆಗಾವಾಟ್‌ನಲ್ಲಿ ಅಳೆದಿರಲಿಲ್ಲ. ಹಾಕಿಸುವ ಮೊದಲು ನಾನೂ ಆಕೆಯನ್ನು ಕೇಳಿರಲಿಲ್ಲ. ಈಗ ಎರಡು ಪ್ಯಾನಲ್ ಸ್ವಲ್ಪ ಸರಿಸಿ ಮಂಚದಷ್ಟು ಜಾಗ ಬಿಡಿಸಿದ್ದೇನೆ.

ನೀವು ಕಳಿಸಿದ ಫೋಟೊ ಚೆನ್ನಾಗಿದೆ. ಸಾಲು ಸಾಲು ನೀಲಿ ಗಾಜು, ಹಿಂದೆ ಗುಡ್ಡ. ಎಡಗಡೆ ಮೂಲೆಯಲ್ಲಿ ಬೇಲಿಯಾಚೆ ಯಾರೋ ನಿಂತಿದ್ದಾರೆ, ಕೋಲು ಹಿಡಿದು. ನನ್ನ ಕನ್ನಡಕ ಹಳೆಯದು, ಆದರೂ ಕಂಡಿತು. ಈ ಸಂಚಿಕೆಯಲ್ಲಿ ಅದನ್ನು ಕತ್ತರಿಸದೆ ಪೂರ್ತಿ ಹಾಕಿದ್ದೇವೆ.

ಅಂದಹಾಗೆ, ಯೂನಿಟ್ ವಿಷಯದಲ್ಲಿ ತಪ್ಪು ನಮ್ಮದೇ. ಮೆಗಾವಾಟ್ ಅಂದರೆ ಸಾಮರ್ಥ್ಯ, ಯೂನಿಟ್ ಅಂದರೆ ಬಳಸಿದ್ದು. 2,050 ಯೂನಿಟ್ಟನ್ನು ನಮ್ಮ ಎದುರಿನ ಕಲ್ಯಾಣ ಮಂಟಪ ಒಂದೇ ಮುಹೂರ್ತದಲ್ಲಿ ಮುಗಿಸಿಬಿಟ್ಟೀತು. ಪ್ರೂಫ್ ನೋಡಿದ್ದು ನಾನೇ, ಕ್ಷಮಿಸಿ.