ಹಳೆಯ ಸನ್ ಯಂತ್ರಕ್ಕೆ ಮೊದಲು ಬೇಕಾದದ್ದು ಮಾನಿಟರ್ ಅಲ್ಲ

ಪ್ರಶ್ನೆ: ಮಂಗಳೂರಿನ ಗುಜರಿ ಅಂಗಡಿಯಿಂದ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5 ಎಂಬ ಹಳೆಯ ಕಂಪ್ಯೂಟರ್ ತಂದಿದ್ದೇನೆ. ಕೀಬೋರ್ಡ್, ಮಾನಿಟರ್ ಜೊತೆಗೆ ಬಂದಿಲ್ಲ. ಹಿಂಬದಿಯ ವಿಡಿಯೊ ಕಿಂಡಿಗೆ ನನ್ನಲ್ಲಿರುವ ಯಾವ ಕೇಬಲೂ ಕೂರುವುದಿಲ್ಲ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಅಷ್ಟೇ. ನಾನು ಮೋಸ ಹೋದೆನೇ? ಇದನ್ನು ಮನೆಯ ವೈಫೈಗೆ ಜೋಡಿಸಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಫ್ಯಾನ್ ತಿರುಗುತ್ತಿದೆ ಎಂದಮೇಲೆ ಅರ್ಧ ಧೈರ್ಯ ತಂದುಕೊಳ್ಳಿ. ಆದರೆ ಮತ್ತೆ ಸ್ವಿಚ್ ಹಾಕುವ ಮೊದಲು ಮುಚ್ಚಳ ತೆರೆದು ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಮೆಮೊರಿ ಕಾರ್ಡುಗಳ ಕಾಲುಗಳನ್ನು ಮಂಕಾಗಿಸುತ್ತವೆ. ಒಳಗೆ ಹಲ್ಲಿ ಮೊಟ್ಟೆ ಇಟ್ಟಿದ್ದರೂ ಆಶ್ಚರ್ಯವಿಲ್ಲ. ಕಾರ್ಡುಗಳನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಅರ್ತ್ ಸರಿಯಿರುವ ಪ್ಲಗ್ಗಿಗೇ ಹಾಕಿ.

ಮಾನಿಟರ್ ಹುಡುಕಾಟವನ್ನು ಸದ್ಯಕ್ಕೆ ಬಿಡಿ. ಈ ಯಂತ್ರಕ್ಕೆ ಕೀಬೋರ್ಡ್ ಕಾಣದಿದ್ದರೆ ಅದು ತಾನಾಗಿಯೇ ಮೊದಲ ಸೀರಿಯಲ್ ಪೋರ್ಟಿನಲ್ಲಿ ಮಾತನಾಡುತ್ತದೆ. ಪರದೆಯೇ ಇಲ್ಲದ ನಿಮಗೆ ಏನೂ ಕಾಣದಿರುವುದು ಸಹಜ. ಹಿಂಬದಿಯ 25 ಪಿನ್ನಿನ ಕಿಂಡಿಗೆ ನಲ್ ಮೋಡೆಮ್ ಕೇಬಲ್ ಹಾಕಿ, ಯುಎಸ್‌ಬಿ–ಸೀರಿಯಲ್ ತುಂಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ. ನೇರ ಕೇಬಲ್ ಆಗದು, ಕಳಿಸುವ ಮತ್ತು ಪಡೆಯುವ ತಂತಿಗಳು ಅಡ್ಡ ಹಾಯ್ದಿರಲೇಬೇಕು. ಲ್ಯಾಪ್‌ಟಾಪಿನ ‘ಪುಟ್ಟಿ’ ಎಂಬ ಟರ್ಮಿನಲ್ ತಂತ್ರಾಂಶದಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂದಿಟ್ಟು ತಾಳ್ಮೆಯಿಂದ ಕಾಯಿರಿ. ಮೆಮೊರಿ ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ.

ಬಹುಪಾಲು ಮೊದಲು ಕಾಣುವುದು ‘ಐಡಿಪ್ರಾಮ್’ (ಯಂತ್ರದ ಗುರುತಿನ ಮಾಹಿತಿ) ಅಮಾನ್ಯವಾಗಿದೆ ಎಂಬ ದೂರು. ಇಲ್ಲಿಯೇ ಅನೇಕರು ಯಂತ್ರ ಸತ್ತಿತೆಂದು ಕೈಬಿಡುತ್ತಾರೆ. ಸತ್ತಿರುವುದು, ಪ್ಲಗ್ ತೆಗೆದಾಗಲೂ ನೆನಪು ಉಳಿಸಿಕೊಳ್ಳುವ ಎನ್‌ವಿ‌ರ್ಯಾಮ್ ಚಿಪ್ಪಿನೊಳಗೆ ಹುದುಗಿಸಿಟ್ಟ ಲಿಥಿಯಂ ಬ್ಯಾಟರಿ ಮಾತ್ರ. 1994ರಲ್ಲಿ ಮಾರುಕಟ್ಟೆಗೆ ಬಂದ ಮಾದರಿಯಲ್ಲಿ ಅದು ಇನ್ನೂ ಬದುಕಿರಬೇಕೆಂದು ಬಯಸುವುದೇ ಅತಿಯಾಸೆ. ಯಂತ್ರದ ಗಡಿಯಾರ, ಈಥರ್ನೆಟ್ ವಿಳಾಸ, ಬೂಟ್ ಆಯ್ಕೆಗಳು ಎಲ್ಲವೂ ಅಲ್ಲೇ ಇರುವುದರಿಂದ, ಅದು ಬರಿದಾದರೆ ಯಂತ್ರಕ್ಕೆ ತನ್ನ ಗುರುತೇ ಮರೆಯುತ್ತದೆ. ಡಿಸ್ಕನ್ನು ಬಿಟ್ಟು ನೆಟ್‌ವರ್ಕಿನಿಂದ ಬೂಟ್ ಆಗಲು ಹೊರಟು, ಆರ್‌ಎಆರ್‌ಪಿ (ತನ್ನ ನೆಟ್‌ವರ್ಕ್ ವಿಳಾಸ ಕೇಳುವ ಪ್ರಶ್ನೆ) ಉತ್ತರಕ್ಕಾಗಿ ಕಾಯುತ್ತ ಅದೇ ಸಾಲನ್ನು ಮತ್ತೆ ಮತ್ತೆ ಮುದ್ರಿಸುವುದೂ ಉಂಟು. ಆಗ ಟರ್ಮಿನಲ್‌ನಿಂದ ಬ್ರೇಕ್ ಸಂಕೇತ ಕಳಿಸಿ. ‘ಓಕೆ’ ಎಂಬ ಎರಡಕ್ಷರದ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಮೊದಲು ‘ಸೆಟ್-ಡಿಫಾಲ್ಟ್ಸ್’, ಆಮೇಲೆ ‘ಎಂಕೆಪಿ’ ಆಜ್ಞೆಯಿಂದ ಗುರುತಿನ ಬೈಟುಗಳನ್ನು ಒಂದೊಂದಾಗಿ ತುಂಬಿ. ಈ ಮಾದರಿಯ ಸಂಕೇತ 80. ಸನ್ ಯಂತ್ರಗಳ ಈಥರ್ನೆಟ್ ವಿಳಾಸ 08:00:20 ಎಂದು ಶುರುವಾಗುತ್ತದೆ. ಉಳಿದ ಮೂರು ಬೈಟುಗಳು ನಿಮ್ಮ ಮನೆಯ ಬೇರೆ ಸಾಧನಕ್ಕೆ ಇಲ್ಲದ್ದಾಗಿದ್ದರೆ ಸಾಕು.

ಪ್ಲಗ್ ತೆಗೆದರೆ ಇದೆಲ್ಲ ಮತ್ತೆ ಅಳಿಯುತ್ತದೆ. ಶಾಶ್ವತ ಪರಿಹಾರವೆಂದರೆ ಚಿಪ್ಪಿನ ತಲೆಯನ್ನು ಎಚ್ಚರಿಕೆಯಿಂದ ಕೊರೆದು, ಒಳಗಿನ ಬ್ಯಾಟರಿಯ ಸಂಪರ್ಕ ಕಡಿದು, ಹೊರಗಿನಿಂದ ಸಿಆರ್ 2032 ನಾಣ್ಯ ಸೆಲ್ ಬೆಸೆಯುವುದು. ಕೈ ಪಳಗಿದ ಮೊಬೈಲ್ ರಿಪೇರಿಯವರಿಗೆ ಇದು ದೊಡ್ಡ ಕೆಲಸವಲ್ಲ.

ಇನ್ನು ವೈಫೈ. ಅದು ಈ ಯಂತ್ರಕ್ಕೆ ಗೊತ್ತಿಲ್ಲ, ರೂಟರಿನ ಲ್ಯಾನ್ ಕಿಂಡಿಗೇ ಕೇಬಲ್ ಎಳೆಯಿರಿ. ಇದರ ವೇಗ ಸೆಕೆಂಡಿಗೆ 10 ಮೆಗಾಬಿಟ್. ಹೊಸ ರೂಟರುಗಳ ಕೆಲವು ಅತಿವೇಗದ ಕಿಂಡಿಗಳು ಇಷ್ಟು ನಿಧಾನಕ್ಕೆ ಇಳಿಯುವುದಿಲ್ಲ. ದೀಪ ಹತ್ತದಿದ್ದರೆ ನಡುವೆ ಒಂದು ಹಳೆಯ ಅಗ್ಗದ ಸ್ವಿಚ್ ಇಡಿ. ಸನ್‌ನದೇ ಕಾರ್ಯಾಚರಣ ವ್ಯವಸ್ಥೆಯಾದ ಸೊಲಾರಿಸ್‌ನ 9ರವರೆಗಿನ ಆವೃತ್ತಿಗಳು ಇದರಲ್ಲಿ ನಡೆಯುತ್ತವೆ, ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ನೆಟ್‌ಬಿಎಸ್‌ಡಿಯೂ ಆಗುತ್ತದೆ. ಆದರೆ ದೂರದಿಂದ ಲಾಗಿನ್ ಆಗಲು ಬಳಸುವ ಹಳೆಯ ಸೊಲಾರಿಸ್‌ನ ಟೆಲ್‌ನೆಟ್ ಪಾಸ್‌ವರ್ಡನ್ನು ಬಯಲಲ್ಲೇ ಸಾಗಿಸುತ್ತದೆ, ಹೊರಗಿನ ಅಂತರ್ಜಾಲಕ್ಕೆ ಅದನ್ನು ತೆರೆದಿಡಲೇಬೇಡಿ. ಸಿಡಿಲು ಗುಡುಗಿದಾಗ ಪ್ಲಗ್ಗಿನ ಜೊತೆ ಈ ಕೇಬಲನ್ನೂ ಕಿತ್ತುಬಿಡಿ.

ಇಷ್ಟಾದ ಮೇಲೆ ಬೇಕಿದ್ದರೆ ಮಾನಿಟರ್. ನಿಮ್ಮನ್ನು ಕಾಡಿದ ಆ ಕಿಂಡಿಯ ಹೆಸರು 13ಡಬ್ಲ್ಯು3. ವಿಜಿಎಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ, ಆದರೆ ಸನ್‌ಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ. ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳದ್ದೂ ನೋಡಲು ಹಾಗೆಯೇ ಇರುತ್ತದೆ, ಒಳಗಿನ ತಂತಿಗಳ ಜೋಡಣೆ ಬೇರೆ. ಕೀಬೋರ್ಡೂ ಸನ್‌ನದೇ ಆಗಬೇಕು: ಪಿಸಿಯ ದುಂಡು ಪ್ಲಗ್ಗಿಗೆ ಆರು ಪಿನ್, ಇದಕ್ಕೆ ಎಂಟು. ಒತ್ತಿ ತೂರಿಸಲು ಹೋಗಬೇಡಿ.