ಚೆಪಾಕ್‌ನಲ್ಲಿ ಹಳೆಯದು ಏನುಳಿದಿದೆ?

ಓದುಗರ ಪತ್ರ: ‘ಚೆನ್ನೈನ ಚೆಪಾಕ್ ಮೈದಾನದಲ್ಲಿ ಬರಲಿರುವ ಟೆಸ್ಟ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಹಾಕಿದ ಲೇಖನ ಓದಿದೆವು. “ಐತಿಹಾಸಿಕ ಮೈದಾನ” ಎಂಬ ಮಾತು ಅದರಲ್ಲಿ ಆರು ಸಲ ಬಂದಿದೆ, ಎಣಿಸಿದ್ದೇವೆ. ನಾವು ಐದು ಜನ ಗೆಳೆಯರು ಆ ಪಂದ್ಯಕ್ಕೆ ಹೊರಟಿದ್ದೇವೆ, ದಿನಾ ಸಂಜೆ ಅದರದೇ ಜಗಳ. ಸ್ಟ್ಯಾಂಡುಗಳು ಹೊಸವು, ಪಿಚ್ಚು ಹೊಸದು, ಆಡುವವರಂತೂ ಹೊಸಬರೇ, ಮತ್ತೆ ಐತಿಹಾಸಿಕವಾದದ್ದು ಯಾವುದು ಎಂದು ನಮ್ಮಲ್ಲೊಬ್ಬ ಕೇಳುತ್ತಾನೆ. ಮಂಕಡ್-ರಾಯ್ ಆರಂಭಿಕ ಜೋಡಿಯ 413 ರನ್ ಚೆಪಾಕ್‌ನದು ಎಂದು ಬರೆದಿದ್ದೀರಿ, ಸರಿಯೇ? ನಮಗೆ ರಜೆ ಸಿಗುವುದು ಎರಡೇ ದಿನ, ಯಾವ ಎರಡು ದಿನ ಹೋಗಲಿ? ಕೊನೆಯದಾಗಿ, 1986ರಲ್ಲಿ ಅಲ್ಲಿ ಭಾರತ-ಆಸ್ಟ್ರೇಲಿಯಾ ಟೆಸ್ಟ್ ರನ್ ಸಮವಾಗಿ ಟೈ ಆದದ್ದು ಪಂದ್ಯದ ಕೊನೆಯ ಎಸೆತದಲ್ಲಿ ಎಂದು ನಾನು, ಅಲ್ಲ ಎಂದು ನನ್ನ ಗೆಳೆಯ. ಐದು ಜನರ ಊಟದ ಬಾಜಿ ಕಟ್ಟಿದ್ದೇವೆ. ತೀರ್ಪು ನಿಮ್ಮದೇ.’

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಪಿಗೆ. 413 ಚೆಪಾಕ್‌ನದಲ್ಲ. 1956ರ ಜನವರಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿನೂ ಮಂಕಡ್ (231) ಮತ್ತು ಪಂಕಜ್ ರಾಯ್ (173) ಆ ರನ್ ಕೂಡಿಹಾಕಿದ್ದು ಮದರಾಸಿನಲ್ಲೇ ಹೌದು, ಆದರೆ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ. ಈಗ ಜವಾಹರಲಾಲ್ ನೆಹರೂ ಸ್ಟೇಡಿಯಂ ಎನ್ನುತ್ತಾರಲ್ಲ, ಫುಟ್‌ಬಾಲ್ ಆಡುವ ಜಾಗ, ಅದೇ. 1956ರಿಂದ 1965ರವರೆಗೆ ಮದರಾಸಿನ ಟೆಸ್ಟುಗಳು ಅಲ್ಲೇ ನಡೆದವು. ಚೆಪಾಕ್‌ಗೆ ಟೆಸ್ಟ್ ವಾಪಸ್ ಬಂದದ್ದು 1967ರಲ್ಲಿ. ‘ಮದರಾಸ್’ ಎಂದು ಕಂಡಕೂಡಲೇ ‘ಚೆಪಾಕ್’ ಎಂದು ಬರೆದುಬಿಡುವುದು ನಮ್ಮ ಮೇಜಿನ ಹಳೇ ಚಾಳಿ. ಲೇಖಕರು ಬರೆದರು, ನಾನು ತಿದ್ದಲಿಲ್ಲ, ತಪ್ಪು ನನ್ನದು. ‘ಐತಿಹಾಸಿಕ’ ಆರು ಸಲ ಬಂದದ್ದೂ ನನ್ನದೇ ಆಲಸ್ಯ.

ಇನ್ನು ನಿಮ್ಮ ಗೆಳೆಯನ ಪ್ರಶ್ನೆ. ಕಟ್ಟಡದ ಮಟ್ಟಿಗೆ ಅವರ ಮಾತು ನಿಜ. 2011ರ ವಿಶ್ವಕಪ್ಪಿಗೆ ಮುಂಚೆ ಅರ್ಧ ಮೈದಾನವನ್ನೇ ಕೆಡವಿ ಕಟ್ಟಿದರು. ಐ, ಜೆ, ಕೆ ಎಂಬ ಮೂರು ಸ್ಟ್ಯಾಂಡುಗಳಿಗೆ ಕಟ್ಟಡ ನಿಯಮದ ತಕರಾರಿನಿಂದ ವರ್ಷಗಟ್ಟಲೆ ಬೀಗ ಬಿದ್ದಿತ್ತು. ಆಮೇಲೆ ಮದರಾಸ್ ಕ್ರಿಕೆಟ್ ಕ್ಲಬ್ಬಿನ ಹಳೆಯ ಪೆವಿಲಿಯನ್ ಹೋಯಿತು, 2023ರಲ್ಲಿ ಇನ್ನೊಂದು ಹೊಸ ಸ್ಟ್ಯಾಂಡ್ ಬಂತು. ಪಿಚ್ ಕೂಡ ಒಂದಲ್ಲ, ಹಲವು; ಕೆಂಪು ಮಣ್ಣಿನದು ಇದೆ, ಕಪ್ಪು ಮಣ್ಣಿನದೂ ಇದೆ. 2021ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ಇಲ್ಲಿ ಬೆನ್ನುಬೆನ್ನಿಗೆ ಎರಡು ಟೆಸ್ಟ್ ಆಡಿತು. ಮೊದಲನೆಯದರಲ್ಲಿ ಜೋ ರೂಟ್ 218 ಹೊಡೆದು ಇಂಗ್ಲೆಂಡ್ 227 ರನ್‌ಗಳಿಂದ ಗೆದ್ದಿತು. ನಾಲ್ಕು ದಿನ ಬಿಟ್ಟು ಪಕ್ಕದ ಪಿಚ್ಚಿನಲ್ಲಿ ಶುರುವಾದ ಎರಡನೆಯದನ್ನು ಭಾರತ 317 ರನ್‌ಗಳಿಂದ ಗೆದ್ದಿತು. ‘ಚೆಪಾಕ್ ಪಿಚ್ ಹೀಗೇ’ ಎಂದು ಟಿವಿಯಲ್ಲಿ ಯಾರಾದರೂ ಹೇಳಿದರೆ, ಯಾವ ಚೆಪಾಕ್ ಸ್ವಾಮಿ ಎಂದು ಕೇಳಬೇಕಾಗುತ್ತದೆ.

ಹಾಗಾದರೆ ಉಳಿದದ್ದೇನು? ಮರೀನಾ ಕಡಲತೀರದ ಕಡೆಯಿಂದ ಮಧ್ಯಾಹ್ನ ಬೀಸುವ ಗಾಳಿ ಉಳಿದಿದೆ. ಪಕ್ಕದ ಬಕಿಂಗ್‌ಹ್ಯಾಮ್ ಕಾಲುವೆ ಉಳಿದಿದೆ, ವಾಸನೆ ಸಮೇತ. ಮೈಯೆಲ್ಲ ಹಿಂಡಿ ಒಣಹಾಕುವ ಸೆಕೆ ಉಳಿದಿದೆ. 1986ರಲ್ಲಿ ಡೀನ್ ಜೋನ್ಸ್ ಈ ಸೆಕೆಯಲ್ಲಿ ಎಂಟು ಗಂಟೆಗೂ ಹೆಚ್ಚು ಕಾಲ ಆಡಿ, ಮೈದಾನದಲ್ಲೇ ವಾಂತಿ ಮಾಡಿಕೊಂಡು 210 ಹೊಡೆದು, ಆಮೇಲೆ ಆಸ್ಪತ್ರೆ ಸೇರಿ ಸಲೈನ್ ಹಾಕಿಸಿಕೊಂಡರು. ಅದೇ ಪಂದ್ಯದಲ್ಲಿ ಗ್ರೆಗ್ ಮ್ಯಾಥ್ಯೂಸ್ ಸ್ವೆಟರ್ ಹಾಕಿಕೊಂಡು ಬೌಲ್ ಮಾಡಿ ಹತ್ತು ವಿಕೆಟ್ ತೆಗೆದರು. ಯಾಕೆ ಹಾಕಿಕೊಂಡರು ಎಂದು ಯಾರು ವಿವರಿಸಿದರೂ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟೇ ಆಗಿದ್ದರೆ ನಿಮ್ಮ ಗೆಳೆಯ ಗೆದ್ದ ಹಾಗೆ. ಗಾಳಿ, ಕಾಲುವೆ, ಸೆಕೆ ಬೇರೆ ಕಡೆಯೂ ಸಿಗುತ್ತವೆ. ನಾನು ಹೇಳಬೇಕೆಂದಿರುವುದು ಬೇರೆ. ಚೆಪಾಕ್‌ನ ಚರಿತ್ರೆ ಬರೆಯಲು ಕೂತರೆ, ನಮ್ಮ ಕರ್ನಾಟಕದವರ ಹೆಸರು ಬಿಟ್ಟು ಒಂದು ಪುಟ ದಾಟುವುದು ಕಷ್ಟ. ನೀವು ಐದು ಜನ ಅಲ್ಲಿಗೆ ಹೋಗುವುದು ಪರವೂರಿನವರ ಆಸ್ತಿ ನೋಡಲಿಕ್ಕಲ್ಲ.

ಶುರುವೇ ನಮ್ಮಿಂದ, ಅದೂ ನಾಚಿಕೆಯ ಶುರು. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಚೆಪಾಕ್‌ನಲ್ಲಿ, ಮದರಾಸಿಗೂ ಮೈಸೂರಿಗೂ. ಮೈಸೂರು ಮೊದಲು 48ಕ್ಕೆ ಆಲೌಟ್. ಮದರಾಸು 130. ಮತ್ತೆ ಮೈಸೂರು 59. ಎರಡು ಇನಿಂಗ್ಸ್ ಸೇರಿಸಿದರೂ ಎದುರಿನವರ ಒಂದು ಇನಿಂಗ್ಸ್ ಮುಟ್ಟಲಿಲ್ಲ, ಒಂದೇ ದಿನದಲ್ಲಿ ಪಂದ್ಯ ಮುಗಿಯಿತು. ಎ. ಜಿ. ರಾಮ್‌ಸಿಂಗ್ ಒಬ್ಬರೇ 35 ರನ್ ಕೊಟ್ಟು 11 ವಿಕೆಟ್ ತೆಗೆದರು. ಅದೇ ವರ್ಷದ ಫೆಬ್ರುವರಿಯಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆದಿತ್ತು. ಜಾರ್ಡಿನ್‌ನ ಇಂಗ್ಲೆಂಡ್ ಎದುರು ಸಿ. ಕೆ. ನಾಯುಡು ತಂಡ 202 ರನ್‌ಗಳಿಂದ ಸೋತಿತ್ತು. ಭಾರತ ತನ್ನ ಮೊದಲ ಟೆಸ್ಟ್ ಗೆಲುವಿಗೆ 1952ರ ಫೆಬ್ರುವರಿವರೆಗೆ ಕಾಯಬೇಕಾಯಿತು. ಅದು ಬಂದದ್ದೂ ಇಲ್ಲೇ, ಅದೇ ಇಂಗ್ಲೆಂಡ್ ಎದುರು. ಮಂಕಡ್ ಹನ್ನೆರಡು ವಿಕೆಟ್ ಕಿತ್ತರು. ಇದು ನಮ್ಮ ಲೇಖನದಲ್ಲಿ ವಿವರವಾಗಿಯೇ ಇದೆ.

ಲೇಖನದಲ್ಲಿ ಒಂದೇ ಸಾಲಿಗೆ ಮುಗಿಸಿದ ಸಂಗತಿಯೊಂದಿದೆ, ಅದಕ್ಕೆ ಬರುತ್ತೇನೆ. 1975ರ ಜನವರಿ, ಸಂಕ್ರಾಂತಿಯ ಆಸುಪಾಸು. ಮದರಾಸಿನಲ್ಲಿ ‘ಪೊಂಗಲ್ ಟೆಸ್ಟ್’ ಎಂದೇ ಕರೆಯುತ್ತಿದ್ದ ಕಾಲ. ವೆಸ್ಟ್ ಇಂಡೀಸ್ ಎದುರಿನ ಸರಣಿಯಲ್ಲಿ ಬೆಂಗಳೂರು, ದೆಹಲಿ ಎರಡನ್ನೂ ಸೋತಿದ್ದೆವು, ಕಲ್ಕತ್ತ ಗೆದ್ದಿದ್ದೆವು. ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಉರುಳಿಸಿದರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಔಟಾಗದೆ 97. ಉಳಿದ ಹತ್ತು ಜನ, ಎಕ್ಸ್‌ಟ್ರಾ ಸೇರಿಸಿ, 93.

ನಮ್ಮ ಸೋದರಮಾವ ರೇಡಿಯೊ ಕೇಳುತ್ತ ಸ್ಕೋರ್ ಬರೆಯುತ್ತಿದ್ದರು. ಆ ನೋಟ್‌ಪುಸ್ತಕ ಈಗ ನನ್ನ ಹತ್ತಿರವಿದೆ. ಆ ಪುಟದಲ್ಲಿ ವಿಶಿಯ ಸಾಲು ಮಾತ್ರ ಅಂಕಿಗಳಿಂದ ಕಿಕ್ಕಿರಿದು, ಜಾಗ ಸಾಲದೆ ಅಂಚಿನವರೆಗೆ ಬಾಗಿ ಹೋಗಿದೆ. ಅದರ ಮೇಲೂ ಕೆಳಗೂ ಎರಡೋ ಮೂರೋ ಅಂಕಿ ಬರೆದು ಖಾಲಿ ಬಿಟ್ಟ ಸಾಲುಗಳು. ಹನ್ನೊಂದನೆಯ ಹೆಸರು ‘ಚಂದ್ರ’. ಅದರ ಮುಂದೆ ಪೆನ್ನು ಒತ್ತಿಹಿಡಿದ ಒಂದು ಶಾಯಿ ಬೊಟ್ಟು, ಹಿಂದಿನ ಹಾಳೆಗೂ ಇಳಿದಿದೆ. ಚಂದ್ರಶೇಖರ್ ಬ್ಯಾಟ್ ಹಿಡಿದು ಬಂದರೆಂದರೆ ಕೇಳುವವರು ಉಸಿರು ಬಿಗಿಹಿಡಿಯುತ್ತಿದ್ದ ಕಾಲ ಅದು. 58 ಟೆಸ್ಟುಗಳಲ್ಲಿ ಅವರು ತೆಗೆದ ವಿಕೆಟ್ 242, ಹೊಡೆದ ರನ್ 167. ವಿಶಿ ನೂರಕ್ಕೆ ಮೂರು ರನ್ ಬಾಕಿ ಇರುವಾಗ ಚಂದ್ರ ಔಟ್. ಮಾವ ಆ ಬೊಟ್ಟಿನ ಪಕ್ಕ ಏನೂ ಬರೆದಿಲ್ಲ.

ಆಮೇಲೆ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಎರಡೂ ಇನಿಂಗ್ಸ್ ಸೇರಿ ಒಂಬತ್ತು ವಿಕೆಟ್ ತೆಗೆದು, ಭಾರತ 100 ರನ್‌ಗಳಿಂದ ಗೆದ್ದು, ಸರಣಿ 2-2 ಆಯಿತು. ಮುಂಬಯಿಯಲ್ಲಿ ಕೊನೆಗೆ ಸೋತೆವು, ಅದಿರಲಿ. ಶತಕಗಳ ಪಟ್ಟಿ ಹುಡುಕುವವರಿಗೆ ಈ 97 ಸಿಗುವುದೇ ಇಲ್ಲ. ಕರುಣ್ ನಾಯರ್ ಇದೇ ಮೈದಾನದಲ್ಲಿ 2016ರಲ್ಲಿ ಹೊಡೆದ ಅಜೇಯ 303ಕ್ಕಿಂತ ನನ್ನ ತಕ್ಕಡಿಯಲ್ಲಿ ಇದೇ ಹೆಚ್ಚು ತೂಗುತ್ತದೆ. ಕರುಣ್ ಅಭಿಮಾನಿಗಳು ಸಿಟ್ಟಾಗಬೇಡಿ. ಅವರ ತ್ರಿಶತಕ ಸಣ್ಣದೇನಲ್ಲ, ಮೂರನೇ ಟೆಸ್ಟಿನಲ್ಲೇ ಬಂದದ್ದು. ಸೆಹ್ವಾಗ್ ಬಿಟ್ಟರೆ ಭಾರತದವರಲ್ಲಿ ಮುನ್ನೂರು ದಾಟಿದವರು ಅವರೊಬ್ಬರೇ. ಆದರೆ ಆ ಇನಿಂಗ್ಸಿನಲ್ಲಿ ಭಾರತ ಏಳು ವಿಕೆಟ್ಟಿಗೆ 759 ಮಾಡಿತ್ತು, ಕೆ. ಎಲ್. ರಾಹುಲ್ 199ಕ್ಕೆ ಔಟಾಗಿದ್ದರು. ಎಲ್ಲರೂ ಮೀಯುತ್ತಿರುವ ಹೊಳೆಯಲ್ಲಿ ಮುಳುಗು ಹಾಕುವುದಕ್ಕೂ ಬತ್ತಿದ ಬಾವಿಯಿಂದ ಒಂದು ಕೊಡ ಸೇದುವುದಕ್ಕೂ ವ್ಯತ್ಯಾಸವಿದೆ.

ಅಂದಹಾಗೆ, ಆ 2016ರ ಪಂದ್ಯ ನಡೆದದ್ದೇ ಒಂದು ಸೋಜಿಗ. ಡಿಸೆಂಬರ್ 12ಕ್ಕೆ ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿತು, 16ಕ್ಕೆ ಟೆಸ್ಟ್. ನೆಂದ ಪಿಚ್ಚನ್ನು ಒಣಗಿಸಲು ಮೈದಾನದ ಸಿಬ್ಬಂದಿ ಟ್ರೇಗಳಲ್ಲಿ ಕೆಂಡ ತುಂಬಿಕೊಂಡು ಅದರ ಮೇಲೆ ಹಿಡಿದರು. ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ.

ಈಗ 1999ರ ಜನವರಿ. ಪಾಕಿಸ್ತಾನ ಒಡ್ಡಿದ ಗುರಿ 271. ಬೆನ್ನುನೋವಿನಲ್ಲೂ ಸಚಿನ್ 136, ಗೆಲುವಿಗೆ 17 ರನ್ ಬೇಕಿರುವಾಗ ಸಕ್ಲೇನ್‌ಗೆ ವಿಕೆಟ್ ಕೊಟ್ಟರು. ಕೊನೆಯ ನಾಲ್ಕು ವಿಕೆಟ್ ನಾಲ್ಕು ರನ್ನಿನಲ್ಲಿ ಹೋಗಿ 12 ರನ್ನಿನ ಸೋಲು. ಸಚಿನ್ ನಂತರ ಔಟಾದ ಮೂವರು ಯಾರು? ಕುಂಬ್ಳೆ, ಸುನಿಲ್ ಜೋಶಿ, ಶ್ರೀನಾಥ್. ಮೂವರೂ ನಮ್ಮವರೇ. ‘ಸಚಿನ್ ಹೋದಮೇಲೆ ಕರ್ನಾಟಕದವರು ಕೈಕೊಟ್ಟರು’ ಎಂದು ಆಗ ನನ್ನೆದುರೇ ಆಡಿಕೊಂಡವರಿದ್ದಾರೆ. ಅವರಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಪಾಕಿಸ್ತಾನ ಎರಡನೇ ಇನಿಂಗ್ಸಿನಲ್ಲಿ ನಾಲ್ಕಕ್ಕೆ 275 ಇತ್ತು. ಅಫ್ರಿದಿ 141 ಹೊಡೆದಿದ್ದರು. ಅಲ್ಲಿಂದ 286ಕ್ಕೆ ಸರ್ವಪತನ. ವೆಂಕಟೇಶ್ ಪ್ರಸಾದ್ ತಮ್ಮ ಕೊನೆಯ ಐದು ವಿಕೆಟ್ಟುಗಳಿಗೆ ಕೊಟ್ಟ ರನ್ ಸೊನ್ನೆ. ಒಟ್ಟು 33ಕ್ಕೆ ಆರು. ಮೊದಲ ಇನಿಂಗ್ಸಿನಲ್ಲಿ 70ಕ್ಕೆ ಆರು ತೆಗೆದದ್ದು ಕುಂಬ್ಳೆ. ಭಾರತದ ಮೊದಲ ಇನಿಂಗ್ಸಿನ ಅರ್ಧಶತಕಗಳಲ್ಲೊಂದು ದ್ರಾವಿಡ್‌ದು. ಹನ್ನೊಂದರಲ್ಲಿ ಐದು ಜನ ಕರ್ನಾಟಕದವರು. ಅವರಿಲ್ಲದಿದ್ದರೆ ಗುರಿ 271 ಎಲ್ಲಿರುತ್ತಿತ್ತು?

ಆ ದಿನ ಸೋತ ಮೇಲೆ ಚೆಪಾಕ್‌ನ ಜನ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಕಿಸ್ತಾನದವರು ಮೈದಾನಕ್ಕೆ ಒಂದು ಸುತ್ತು ಬಂದರು. ನಿಮ್ಮ ಗೆಳೆಯನಿಗೆ ತೋರಿಸಬೇಕಾದ್ದು ಇದು. ಆ ಚಪ್ಪಾಳೆ ಕೇಳಿಬಂದ ಗ್ಯಾಲರಿಗಳಲ್ಲಿ ಎಷ್ಟೋ ಈಗಿಲ್ಲ. ತಟ್ಟಿದವರ ಮಕ್ಕಳು ಬರುತ್ತಾರೆ, ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿರುತ್ತಾರೆ. ಸ್ಪಿನ್ನರನೊಬ್ಬ ಮೂರು ಎಸೆತ ಹೊರಗೆ ತಿರುಗಿಸಿ ನಾಲ್ಕನೆಯದನ್ನು ನೇರ ಬಿಟ್ಟು ಬ್ಯಾಟಿನವನು ತಡವರಿಸುವಂತೆ ಮಾಡಿದಾಗ, ವಿಕೆಟ್ ಬೀಳದಿದ್ದರೂ ‘ಓ’ ಎಂದು ಒಂದು ಗುಜುಗುಜು ಏಳುತ್ತದೆ. ಎಲ್ಲ ಮೈದಾನಗಳಲ್ಲೂ ಅದು ಕೇಳಿಸುವುದಿಲ್ಲ. ಸಿಕ್ಸರಿಗೆ ಕೂಗಲು ಎಲ್ಲರಿಗೂ ಬರುತ್ತದೆ.

ಕುಂಬ್ಳೆಗೆ ಇಲ್ಲೊಂದು ಬಾಕಿಯೂ ಇದೆ. 2004ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಹದಿಮೂರು ವಿಕೆಟ್ ತೆಗೆದರು. ಕೊನೆಯ ದಿನ ಭಾರತಕ್ಕೆ 210 ರನ್ ಬೇಕಿತ್ತು, ಹತ್ತೂ ವಿಕೆಟ್ ಕೈಯಲ್ಲಿದ್ದವು. ಇಡೀ ದಿನ ಮಳೆ. ದ್ರಾವಿಡ್ ಹತ್ತು ಸಾವಿರ ರನ್ ದಾಟಿದ್ದು 2008ರಲ್ಲಿ ಇಲ್ಲೇ. ಆದರೆ ಸೆಹ್ವಾಗ್ ಅದೇ ಪಂದ್ಯದಲ್ಲಿ 319 ಹೊಡೆದರು, ಮರುದಿನದ ಪತ್ರಿಕೆಯಲ್ಲಿ ದ್ರಾವಿಡ್‌ಗೆ ಎಷ್ಟು ಜಾಗ ಸಿಕ್ಕಿರಬಹುದು ನೀವೇ ಊಹಿಸಿ.

ಯಾವ ಎರಡು ದಿನ? ಮೂರು ಮತ್ತು ನಾಲ್ಕು. ಐದನೇ ದಿನದ ಆಸೆ ಎಲ್ಲರಿಗೂ ಇರುತ್ತದೆ, ನನಗೂ. ಆದರೆ 1999ರದ್ದು, 2021ರ ಎರಡನೆಯದು, ಅಶ್ವಿನ್ ಶತಕವನ್ನೂ ಆರು ವಿಕೆಟ್ಟನ್ನೂ ಗಳಿಸಿದ 2024ರ ಬಾಂಗ್ಲಾದೇಶ ಪಂದ್ಯ, ಮೂರೂ ನಾಲ್ಕೇ ದಿನಕ್ಕೆ ಮುಗಿದವು. ಐದನೇ ದಿನಕ್ಕೆಂದು ರಜೆ ಹಾಕಿ ಮುಚ್ಚಿದ ಗೇಟು ನೋಡಿಕೊಂಡು ಬಂದ ಅನುಭವ ನನಗಿದೆ, ನಿಮಗೆ ಬೇಡ. ಮೊದಲ ದಿನದ ಸಡಗರ ಟಿವಿಯಲ್ಲೇ ಸಾಕು. ಮೂರನೇ ದಿನ ಚೆಂಡು ಬಿದ್ದಲ್ಲಿ ಧೂಳೇಳಲು ಶುರುವಾದರೆ ಕಾದು ಕೂತು ನೋಡಿ. ಊಟದ ವಿರಾಮಕ್ಕೆ ಬಿಸಿಲು ತಡೆಯದೆ ಹೊರಟುಬಿಡಬೇಡಿ, ಗಾಳಿ ಬರುವುದು ಆಮೇಲೆ. ಟೋಪಿ, ನೀರು ಮರೆಯಬೇಡಿ; ಬಾಟಲಿ ಒಳಗೆ ಬಿಡುತ್ತಾರೋ ಇಲ್ಲವೋ ಟಿಕೆಟ್ಟಿನ ಹಿಂಭಾಗ ಓದಿಕೊಳ್ಳಿ.

ಬಾಜಿಯ ವಿಷಯ. 1986ರ ಸೆಪ್ಟೆಂಬರ್ 22, ಗುರಿ 348. ಕೊನೆಯ ಓವರಿಗೆ ನಾಲ್ಕು ರನ್ ಬೇಕು, ಇರುವುದು ಒಂದೇ ವಿಕೆಟ್, ಬೌಲರ್ ಮ್ಯಾಥ್ಯೂಸ್, ಸ್ವೆಟರ್ ಇನ್ನೂ ಮೈಮೇಲೇ. ರವಿ ಶಾಸ್ತ್ರಿ ಎರಡನೇ ಎಸೆತಕ್ಕೆ ಎರಡು, ಮೂರನೆಯದಕ್ಕೆ ಒಂದು ರನ್ ಓಡಿ ಸ್ಕೋರ್ ಸಮ ಮಾಡಿ ಆ ತುದಿಗೆ ಹೋದರು. ಈ ತುದಿಗೆ ಮಣೀಂದರ್ ಸಿಂಗ್. ನಾಲ್ಕನೆಯದನ್ನು ತಡೆದರು. ಐದನೆಯದು ಪ್ಯಾಡಿಗೆ ಬಡಿಯಿತು, ಅಂಪೈರ್ ವಿಕ್ರಮರಾಜು ಬೆರಳೆತ್ತಿದರು. ಬ್ಯಾಟಿಗೆ ತಾಗಿತ್ತು ಎಂದು ಮಣೀಂದರ್ ಇವತ್ತಿಗೂ ಹೇಳುತ್ತಾರೆ. ಒಂದು ಎಸೆತ ಬಾಕಿ ಇತ್ತು. ಊಟ ಕೊಡಿಸಬೇಕಾದವರು ನೀವು.