ಮೇವೆದರ್ ಎದುರು ಮೈದಾನಾಗೆ ಗೆಲ್ಲುವ ಅವಕಾಶ ನಿಜವಾಗಿಯೂ ಇತ್ತೇ?

ಇತ್ತು. ನಿಮ್ಮ ಗೆಳೆಯರು ಸೊನ್ನೆ ಎನ್ನುತ್ತಾರೆ, ನೀವು ಅರ್ಧಕ್ಕರ್ಧ ಎನ್ನುತ್ತೀರಿ, ಯಾರ ಮಾತು ಸರಿ ಎಂದು ಕೇಳಿದ್ದೀರಿ. 2014ರ ಮೇ 3ರ ರಾತ್ರಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್‌ನಲ್ಲಿ ಅಮೆರಿಕದ ಬಾಕ್ಸರ್ ಮೇವೆದರ್ ಎದುರು ರಿಂಗಿನೊಳಗೆ ಕಾಲಿಡುವಾಗ ಅರ್ಜೆಂಟೀನಾದ ಬಾಕ್ಸರ್ ಮಾರ್ಕೋಸ್ ಮೈದಾನಾಗೆ ಐದರಲ್ಲಿ ಒಂದು ಪಾಲು ಅವಕಾಶವಿತ್ತು ಎಂಬುದು ನನ್ನ ಅಂದಾಜು. ಆದರೆ ಆ ಒಂದು ಪಾಲು ಎಲ್ಲಿಂದ ಬಂತು ಎಂದು ಹೇಳದೆ ಬರೀ ಅಂಕಿ ಕೊಟ್ಟರೆ ನಿಮ್ಮಿಬ್ಬರ ವಾದ ಮುಗಿಯುವುದಿಲ್ಲ.

ಮೊದಲು ಫ್ಲಾಯ್ಡ್ ಮೇವೆದರ್ ನಿಲ್ಲುವ ಭಂಗಿಯನ್ನು ನೋಡಿ. ಎಡ ಭುಜ ಮುಂದೆ, ಮೈ ಅಡ್ಡ. ಎಡಗೈ ಕೆಳಗಿಳಿದು ಹೊಟ್ಟೆಗೆ ಅಡ್ಡಲಾಗಿರುತ್ತದೆ, ಬಲ ಅಂಗೈ ಗಲ್ಲದ ಪಕ್ಕದಲ್ಲಿರುತ್ತದೆ. ನೀವು ಎಡಗೈಯಿಂದ ಜ್ಯಾಬ್, ಅಂದರೆ ನೇರವಾದ ಚುರುಕು ಗುದ್ದು, ಎಸೆದರೆ ಬಲ ಅಂಗೈ ಅದನ್ನು ಹಿಡಿಯುತ್ತದೆ. ಬಲಗೈಯಿಂದ ನೇರವಾಗಿ ಮುಖಕ್ಕೆ ಗುದ್ದಿದರೆ ಎಡ ಭುಜ ಸ್ವಲ್ಪ ಮೇಲೇಳುತ್ತದೆ, ಸೊಂಟ ತಿರುಗುತ್ತದೆ, ನಿಮ್ಮ ಗುದ್ದು ಭುಜದ ಮೇಲೆ ಜಾರಿ ಹೋಗುತ್ತದೆ. ಆ ಹೊತ್ತಿಗೆ ನಿಮ್ಮ ಕೈ ಇನ್ನೂ ಗಾಳಿಯಲ್ಲಿದೆ, ಅವನ ಬಲಗೈ ಹೊರಟಿದೆ. ಇದನ್ನು ಶೋಲ್ಡರ್ ರೋಲ್ ಎನ್ನುತ್ತಾರೆ. ಬೇರೆಯವರೂ ಕಲಿತಿದ್ದಾರೆ, ಆದರೆ ಅವನಷ್ಟು ನಿರಾಯಾಸವಾಗಿ ಮಾಡಿದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂಥವರ ಎದುರು ನಿಲ್ಲುವುದು ಹೇಗಿರುತ್ತದೆ ಎಂದು ತೀರಾ ಸಣ್ಣ ಮಟ್ಟದಲ್ಲಿ ನನಗೆ ಗೊತ್ತು. ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಸಂಜೆ ಹೊತ್ತು ಬಾಕ್ಸಿಂಗ್ ಕಲಿಯಲು ಹೋಗುತ್ತಿದ್ದೆ. ಅಲ್ಲೊಬ್ಬ ಹಿರಿಯರಿದ್ದರು, ವಯಸ್ಸು ನಲವತ್ತರ ಹತ್ತಿರ, ತೆಳ್ಳನೆಯ ಮೈ. ಅಭ್ಯಾಸದ ಸುತ್ತಿನಲ್ಲಿ ಅವರು ನನ್ನನ್ನು ಹೊಡೆಯುತ್ತಲೇ ಇರಲಿಲ್ಲ, ಸುಮ್ಮನೆ ತಪ್ಪಿಸಿಕೊಳ್ಳುತ್ತಿದ್ದರು. ಮೂರು ನಿಮಿಷದ ಒಂದು ಸುತ್ತು ಮುಗಿಯುವಷ್ಟರಲ್ಲಿ ನನ್ನ ತೋಳು ಸೀಸ ಕಟ್ಟಿದಂತೆ ಭಾರವಾಗುತ್ತಿತ್ತು. ಗುರಿಗೆ ತಾಗಿದ ಗುದ್ದಿನ ವೇಗವನ್ನು ಎದುರಾಳಿಯ ಮೈ ತಡೆಯುತ್ತದೆ. ತಾಗದ ಗುದ್ದನ್ನು ನಿಮ್ಮ ಭುಜ, ಬೆನ್ನುಗಳೇ ಎಳೆದು ನಿಲ್ಲಿಸಬೇಕು. ಆ ಕೆಲಸ ಹೊರಗೆ ಯಾರಿಗೂ ಕಾಣುವುದಿಲ್ಲ. ಒಂದು ದಿನ ಅವರೇ ಹೇಳಿದರು: "ನನ್ನ ತಲೆಯನ್ನು ಹುಡುಕಬೇಡ, ಅದು ಓಡಾಡುತ್ತಿರುತ್ತದೆ. ತೋಳು ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಹೊಡಿ." ಮರುದಿನ ಅವರ ತೋಳಿಗೂ ಭುಜಕ್ಕೂ ಹೊಡೆಯುತ್ತಾ ಹೋದೆ. ಎರಡನೇ ಸುತ್ತಿನ ಕೊನೆಗೆ ಮೊದಲ ಬಾರಿಗೆ ಅವರ ಕೈ ಒಂದು ಅಂಗುಲ ಕೆಳಗಿಳಿಯಿತು. ಆ ಒಂದು ಅಂಗುಲ ನನಗೆ ಇಂದಿಗೂ ನೆನಪಿದೆ.

ಮೈದಾನಾ ಮಾಡಿದ್ದೂ ಅದನ್ನೇ, ಲೋಕದ ಅತಿ ದೊಡ್ಡ ವೇದಿಕೆಯಲ್ಲಿ.

ಅರ್ಜೆಂಟೀನಾದ ಸಾಂತಾ ಫೆ ಪ್ರಾಂತದ ಮಾರ್ಗರೀಟಾ ಎಂಬ ಊರಿನವನು ಅವನು. ಕೈಯಲ್ಲಿ ಬಲ ಮೊದಲಿನಿಂದಲೂ ಇತ್ತು. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಕ್ಟರ್ ಒರ್ಟಿಜ್ ಎದುರು ಮೂರು ಬಾರಿ ಕೆಳಗೆ ಬಿದ್ದು, ಮೂರು ಬಾರಿಯೂ ಎದ್ದು, ಆರನೇ ಸುತ್ತಿನಲ್ಲಿ ಪಂದ್ಯ ಗೆದ್ದ. ಬಲದ ಜೊತೆ ಕಲೆ ಅಷ್ಟಾಗಿ ಇರಲಿಲ್ಲ. 2012ರಲ್ಲಿ ಎಡಗೈ ಆಟಗಾರ ಡೆವನ್ ಅಲೆಕ್ಸಾಂಡರ್ ಅವನನ್ನು ಹತ್ತಿರಕ್ಕೇ ಬಿಟ್ಟುಕೊಳ್ಳದೆ ಸುಲಭವಾಗಿ ಸೋಲಿಸಿದ. ನಿಮ್ಮ ಗೆಳೆಯರು ಆ ಪಂದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಸೊನ್ನೆ ಎಂದಿದ್ದರೆ ನನಗೆ ಅರ್ಥವಾಗುತ್ತದೆ. ಆದರೆ ಅದಾದ ಮೇಲೆ ಮೈದಾನಾ ಕ್ಯಾಲಿಫೋರ್ನಿಯಾಕ್ಕೆ ಹೋಗಿ ತರಬೇತುದಾರ ರಾಬರ್ಟ್ ಗಾರ್ಸಿಯಾರ ಕೈಗೆ ಸೇರಿದ. ಅಲ್ಲಿ ಅವನ ಎಡಗೈ ಬದಲಾಯಿತು. ಮೊದಲು ಬರೀ ಬಲಗೈಯನ್ನು ನಂಬಿದ್ದವನು ಎದೆಗೆ, ಹೊಟ್ಟೆಗೆ ಜ್ಯಾಬ್ ಹೊಡೆದುಕೊಂಡು ಒಳಗೆ ಬರುವುದನ್ನು ಕಲಿತ.

2013ರ ಡಿಸೆಂಬರ್ 14ರಂದು ಸ್ಯಾನ್ ಆಂಟೋನಿಯೊದಲ್ಲಿ ಅದರ ಫಲ ಕಂಡಿತು. ಎದುರಿಗಿದ್ದವನು ಏಡ್ರಿಯನ್ ಬ್ರೋನರ್, ಅಲ್ಲಿಯವರೆಗೆ ಸೋಲು ಕಾಣದವನು, ಮೇವೆದರ್‌ನ ಭಂಗಿಯನ್ನೇ ಮೈಗೂಡಿಸಿಕೊಂಡವನು. ಅದೇ ಅಡ್ಡ ಮೈ, ಅದೇ ಕೆಳಗಿಳಿದ ಎಡಗೈ. ಮೈದಾನಾ ಅವನನ್ನು ಎರಡನೇ ಸುತ್ತಿನಲ್ಲೂ ಎಂಟನೇ ಸುತ್ತಿನಲ್ಲೂ ಬದಿಯಿಂದ ಬಾಗಿ ಬರುವ ಎಡಗೈ ಹುಕ್‌ನಿಂದ ಕೆಡವಿದ. ಮೂವರು ತೀರ್ಪುಗಾರರೂ ಮೈದಾನಾ ಗೆದ್ದನೆಂದರು. ಬ್ರೋನರ್ ಎಂದರೆ ಮೇವೆದರ್ ಅಲ್ಲ, ನಿಜ. ಆದರೆ ಬೀಗದ ಜಾತಿ ಒಂದೇ. ಒಂದನ್ನು ಒಡೆದವನಿಗೆ ಇನ್ನೊಂದರ ಮುಂದೆ ನಿಲ್ಲುವ ಹಕ್ಕಿದೆ ಎಂದು ನಾನು ಅಂದೇ ಗೆಳೆಯರ ಬಳಿ ಹೇಳಿದ್ದೆ.

ಇಲ್ಲಿ ನಿಮ್ಮ ಗೆಳೆಯರ ಮುಖ್ಯ ವಾದಕ್ಕೆ ಬರುತ್ತೇನೆ: "ಮೈದಾನಾಗಿಂತ ಎಷ್ಟೋ ಕುಶಲಿಗಳೇ ಮೇವೆದರ್ ಎದುರು ಸೋತರು, ಇವನು ಯಾವ ಲೆಕ್ಕ?" ನನಗೆ ಇದು ತಲೆಕೆಳಗಾದ ವಾದವಾಗಿ ಕಾಣುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ಕನೆಲೊ ಆಲ್ವಾರೆಝ್ ಮೇವೆದರ್ ಜೊತೆ ಕುಶಲತೆಯ ಆಟಕ್ಕಿಳಿದ, ರಿಂಗಿನ ನಡುವೆ ನಿಂತು ಜ್ಯಾಬ್‌ಗೆ ಜ್ಯಾಬ್ ಎಂದ. ಅದು ಮೇವೆದರ್‌ನ ಅಂಗಳ. ಒಬ್ಬ ತೀರ್ಪುಗಾರ್ತಿ ಸಮ ಎಂದು ಬರೆದರೂ ಅಂದು ಕನೆಲೊ ಗೆದ್ದ ಸುತ್ತುಗಳನ್ನು ಹುಡುಕುವುದೇ ಕಷ್ಟ. ಮೇವೆದರ್‌ಗೆ ನಿಜವಾದ ತೊಂದರೆ ಕೊಟ್ಟವರು ಬೇರೆ. 2002ರಲ್ಲಿ ಹೊಸೆ ಲೂಯಿಸ್ ಕಾಸ್ಟಿಯೊ ಮೈಗೆ ಮೈ ತಾಗಿಸಿ ಒತ್ತಿದ. ಆ ದಿನ ಗೆಲುವು ಕಾಸ್ಟಿಯೊನದೇ ಎಂದು ವಾದಿಸುವವರು ಇಂದಿಗೂ ಇದ್ದಾರೆ. 2007ರಲ್ಲಿ ಆಸ್ಕರ್ ಡಿ ಲಾ ಹೋಯಾ ಜ್ಯಾಬ್ ಹೊಡೆಯುತ್ತಿದ್ದಷ್ಟು ಹೊತ್ತು ಪಂದ್ಯ ಸಮನಾಗಿತ್ತು, ಜ್ಯಾಬ್ ನಿಂತಿತು, ಪಂದ್ಯ ಕೈಬಿಟ್ಟಿತು. ಒತ್ತಡ, ಜ್ಯಾಬ್, ಸಿಕ್ಕಿದ ಕಡೆ ಗುದ್ದು: ಈ ಮೂರೂ ಒಬ್ಬನಲ್ಲೇ ಇದ್ದರೆ ಅವನು ದಡ್ಡನಂತೆ ಕಂಡರೂ ಅಪಾಯಕಾರಿ.

ಮೇ 3ರ ಪಂದ್ಯ ನಮಗೆ ಇಲ್ಲಿ ಭಾನುವಾರ ಬೆಳಿಗ್ಗೆ. ಮೊದಲ ಗಂಟೆ ಬಾರಿಸಿದ್ದೇ ತಡ, ಮೈದಾನಾ ಮೇವೆದರ್‌ನನ್ನು ಹಗ್ಗಕ್ಕೆ ಒತ್ತಿದ. ಬೆನ್ನು ಹಗ್ಗಕ್ಕೆ ಅಂಟಿದ ಮೇಲೆ ಹಿಂದಕ್ಕೆ ಬಾಗಲು ಜಾಗ ಕಡಿಮೆ, ಶೋಲ್ಡರ್ ರೋಲ್ ಅರ್ಧ ಸತ್ತಂತೆ. ಆಗ ಬಲಗೈ ನೇರವಾಗಿ ಬರಲಿಲ್ಲ. ಮೇಲಿನಿಂದ, ಮರ ಕಡಿಯುವ ಕೊಡಲಿಯಂತೆ ಭುಜವನ್ನು ದಾಟಿ ಕಿವಿಯ ಹಿಂದೆ, ತಲೆಯ ಪಕ್ಕಕ್ಕೆ ಬಿತ್ತು. ತೋಳಿಗೆ, ಪಕ್ಕೆಗೆ, ಕೆಲವೊಮ್ಮೆ ಬೆಲ್ಟಿನ ಕೆಳಗೂ ಬಿದ್ದವು. ಚೆಂದದ ಬಾಕ್ಸಿಂಗ್ ಅಲ್ಲ. ಆದರೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ನಾಲ್ಕನೇ ಸುತ್ತಿನಲ್ಲಿ ತಲೆಗೆ ತಲೆ ತಾಗಿ ಮೇವೆದರ್‌ನ ಬಲಗಣ್ಣಿನ ಮೇಲೆ ಗಾಯವಾಯಿತು. ಆವರೆಗಿನ 45 ಪಂದ್ಯಗಳನ್ನೂ ಗೆದ್ದಿದ್ದವನು ಅಷ್ಟು ಗಲಿಬಿಲಿಗೊಂಡದ್ದನ್ನು ನಾನು ನೋಡಿರಲಿಲ್ಲ. ಇಬ್ಬರೂ ಅಂಟಿಕೊಂಡಾಗ ರೆಫರಿ ಟೋನಿ ವೀಕ್ಸ್ ಬೇಗ ಬಿಡಿಸದೆ ಒಳಗಿನ ಜಗಳಕ್ಕೆ ಅವಕಾಶ ಕೊಟ್ಟದ್ದು ಮೈದಾನಾಗೆ ದೊಡ್ಡ ಆಸರೆ.

ಅವನ ಕಡೆಯಿಂದ ಅಂದು 858 ಗುದ್ದುಗಳು ಹೊರಟವು, 221 ತಾಗಿದವು. ಗುದ್ದುಗಳನ್ನು ಎಣಿಸುವ ಸಂಸ್ಥೆ ಕಂಪ್ಯೂಬಾಕ್ಸ್ ಲೆಕ್ಕವಿಟ್ಟಿದ್ದ ಮೇವೆದರ್ ಪಂದ್ಯಗಳಲ್ಲಿ ಅಷ್ಟು ಹೊಡೆತ ಅವನಿಗೆ ಬೇರೆ ಯಾರಿಂದಲೂ ಬಿದ್ದಿರಲಿಲ್ಲ. ಹಾಗಾದರೆ ಗೆಲ್ಲಲಿಲ್ಲ ಏಕೆ? ಮೇವೆದರ್ ಎಸೆದದ್ದು ಬರೀ 426, ತಾಗಿದ್ದು 230. ಅರ್ಧದಷ್ಟು ಎಸೆದು ಹೆಚ್ಚು ತಾಗಿಸಿದ. ಅವನ ಗುದ್ದುಗಳು ಸ್ವಚ್ಛವಾಗಿದ್ದವು, ತೀರ್ಪುಗಾರರ ಕಣ್ಣಿಗೆ ನೇರವಾಗಿ ಕಾಣುವಂಥವು. ತೋಳಿಗೆ ಬಿದ್ದ ಗುದ್ದಿಗೆ ಅಂಕವಿಲ್ಲ. ಅದು ಮುಂದಿನ ಸುತ್ತಿಗೆಂದು ಹೂಡುವ ಬಂಡವಾಳ, ಕೊನೆಯೊಳಗೆ ಎದುರಾಳಿಯ ಕೈ ಇಳಿದರೆ ಮಾತ್ರ ಬಡ್ಡಿ ಬರುತ್ತದೆ. ಮೇವೆದರ್‌ನ ಕೈ ಇಳಿಯಲಿಲ್ಲ. ಆರೇಳನೇ ಸುತ್ತಿನ ಹೊತ್ತಿಗೆ ಅವನು ಹಗ್ಗ ಬಿಟ್ಟು ನಡುವೆ ಬಂದ, ಹೊಟ್ಟೆಗೆ ಹೊಡೆದ, ಮೈದಾನಾನ ಉಸಿರು ಭಾರವಾಯಿತು. ಸಾಮಾನ್ಯವಾಗಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಅಂಕ. ಮೂವರು ತೀರ್ಪುಗಾರರಲ್ಲಿ ಇಬ್ಬರು ಮೇವೆದರ್ ಪರ 117-111, 116-112 ಎಂದರು, ಮೂರನೆಯವರು ಸಮ, 114-114. ಮೊದಲ ಅಂಕಿ ನನಗೆ ಇಂದಿಗೂ ಒಪ್ಪಿಗೆಯಿಲ್ಲ, ಮೈದಾನಾನ ಬೆವರಿಗೆ ಅದು ಅನ್ಯಾಯ. ನನ್ನ ಚೀಟಿಯಲ್ಲಿ 115-113, ಮೇವೆದರ್ ಪರ. ಎಂದರೆ ಒಂದೇ ಒಂದು ಸುತ್ತು ಆಚೀಚೆಯಾಗಿದ್ದರೆ ಸಮ.

ಪಂದ್ಯದ ಹಿಂದಿನ ದಿನ ಮೈದಾನಾನ ಕೈಗವಸುಗಳ ಬಗ್ಗೆ ಮೇವೆದರ್ ಕಡೆಯವರು ತಕರಾರು ತೆಗೆದು, ಅವನು ಬೇರೆ ಜೋಡಿ ತೊಡಬೇಕಾಯಿತು. ಅದರಿಂದ ಫಲಿತಾಂಶ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಬಲವೊಂದನ್ನೇ ನಂಬಿ ಬಂದವನ ಕೈಯನ್ನು ಕೊನೆಯ ಗಳಿಗೆಯಲ್ಲಿ ಕೆದಕುವುದು ನನಗೆ ಹಿಡಿಸಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 13ರ ಮರುಪಂದ್ಯಕ್ಕೆ ನೀವು ಕೇಳಿದ್ದರೆ ನಾನು ಹತ್ತರಲ್ಲಿ ಒಂದು ಪಾಲನ್ನೂ ಕೊಡುತ್ತಿರಲಿಲ್ಲ. ಮೂರನೇ ಸುತ್ತಿನ ಕಟ್ಟಕಡೆಯ ಕ್ಷಣದಲ್ಲಿ ಮೈದಾನಾನ ಒಂದು ಬಲಗೈ ಗುದ್ದು ಮೇವೆದರ್‌ನನ್ನು ಅಲುಗಾಡಿಸಿತು, ಅಷ್ಟೇ. ಮಿಕ್ಕಂತೆ ಮೇವೆದರ್ ಹಗ್ಗದ ಹತ್ತಿರವೇ ನಿಲ್ಲಲಿಲ್ಲ, ನಿಂತರೆ ತಬ್ಬಿಕೊಂಡ, ರೆಫರಿ ಕೆನ್ನಿ ಬೇಲಿಸ್ ತಕ್ಷಣ ಬಿಡಿಸಿದರು. 858 ಗುದ್ದು ಎಸೆದವನು ಈ ಬಾರಿ 572ಕ್ಕೆ ಇಳಿದ. ಆ ಪಂದ್ಯದ ನಂತರ ಮೈದಾನಾ ಮತ್ತೆ ವೃತ್ತಿಪರ ಪಂದ್ಯಕ್ಕೆ ಇಳಿಯಲೇ ಇಲ್ಲ.

ಆದ್ದರಿಂದ ನಿಮ್ಮ ಗೆಳೆಯರಿಗೆ ಮರುಪಂದ್ಯ ತೋರಿಸಬೇಡಿ, ವಾದ ಸೋಲುತ್ತೀರಿ. ಮೊದಲ ಪಂದ್ಯದ ಮೊದಲ ನಾಲ್ಕು ಸುತ್ತುಗಳನ್ನು ಧ್ವನಿ ಮುಚ್ಚಿ ತೋರಿಸಿ, ವೀಕ್ಷಕ ವಿವರಣೆ ಕೇಳಿಸಬಾರದು. ಬಲಗೈಯನ್ನು ಎಲ್ಲರೂ ನೋಡುತ್ತಾರೆ, ನೀವಿಬ್ಬರೂ ಮೈದಾನಾನ ಎಡಗೈಯನ್ನು ನೋಡಿ. ಅದು ಮೇವೆದರ್‌ನ ಎದೆಗೆ ತಾಗಿದಾಗಲೆಲ್ಲ ಅವನ ಹಿಮ್ಮಡಿ ಹಗ್ಗದ ಕಡೆಗೆ ಎಷ್ಟು ಸರಿಯುತ್ತದೆ ಎಂದು ಗಮನಿಸಿ. ಆಮೇಲೂ ಅವರು ಸೊನ್ನೆ ಎಂದರೆ ನನಗೆ ಬರೆಯಿರಿ, ಯಾವ ಸುತ್ತನ್ನು ಯಾರಿಗೆ ಕೊಟ್ಟೆನೆಂದು ನನ್ನ ಹನ್ನೆರಡು ಸುತ್ತಿನ ಲೆಕ್ಕವನ್ನೂ ಕಳಿಸುತ್ತೇನೆ.